ಪದದಿಂದ ಕಟ್ಟಡಕ್ಕೆ: ಆರ್ಕಿಟೆಕ್ಚರ್ ವಿದ್ಯಾರ್ಥಿಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಸ್ಟುಡಿಯೊದಲ್ಲಿ ಮೇಷ್ಟ್ರು ಒಂದು ಪದ ಕೊಡುತ್ತಾರೆ. ನೆನಪು, ಗಡಿ, ಮೌನ, ಏನಾದರೂ ಒಂದು. ಮೂರು ವಾರದಲ್ಲಿ ಅದು ಕಟ್ಟಡವಾಗಿ ಬರಬೇಕು. ಆ ರಾತ್ರಿ ಖಾಲಿ ಬಟರ್ ಪೇಪರ್ ಮುಂದೆ ಕೂತವರಿಗೆ ಗೊತ್ತು ಎಷ್ಟು ಕಷ್ಟ ಅಂತ.

ನಮ್ಮಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ, ಆ ಪದದ ಹಾಗೆ ಕಾಣುವ ಆಕಾರ ಹುಡುಕುವುದು. ಶಾಂತಿ ಅಂದರೆ ಕಮಲ. ಸ್ವಾತಂತ್ರ್ಯ ಅಂದರೆ ಹಕ್ಕಿಯ ರೆಕ್ಕೆ. ಗ್ರಂಥಾಲಯ ಅಂದರೆ ತೆರೆದಿಟ್ಟ ಪುಸ್ತಕ. ಎರಡನೇ ವರ್ಷದಲ್ಲಿ ನಾನೂ ಹೀಗೇ ಮಾಡಿದೆ. ನನ್ನದು ರಾಯಚೂರು ಜಿಲ್ಲೆ, ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಸೀಮೆ. ಊರಿಗೊಂದು ಮ್ಯೂಸಿಯಂ ಮಾಡುವಾಗ ಎರಡು ನದಿಗಳ ಹಾಗೆ ಎರಡು ಡೊಂಕು ಗೋಡೆ ಎಳೆದೆ. ಮೇಲಿಂದ ನೋಡಿದಂತೆ ಬರೆಯುವ ಪ್ಲ್ಯಾನ್ ನೋಡಲು ಚೆನ್ನಾಗಿತ್ತು. ಜ್ಯೂರಿಗೆ, ಅಂದರೆ ನಮ್ಮ ಕೆಲಸ ನೋಡಿ ಪ್ರಶ್ನೆ ಕೇಳುವ ಸಭೆಗೆ, ಬಂದಿದ್ದ ಹಿರಿಯರೊಬ್ಬರು ಬಾಗಿಲ ಹತ್ತಿರ ಬೆರಳಿಟ್ಟು, "ಇಲ್ಲಿ ನಿಂತವನಿಗೆ ನದಿ ಎಲ್ಲಿದೆ?" ಎಂದು ಕೇಳಿದರು. ಅಲ್ಲಿ ನಿಂತವನಿಗೆ ಕಾಣುತ್ತಿದ್ದದ್ದು ಬರೀ ಒಂದು ಗೋಡೆ. ನದಿ ಕಾಣಬೇಕಾದರೆ ಅವನು ಆಕಾಶದಲ್ಲಿ ಹಾರಬೇಕಿತ್ತು.

ಆ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಎರಡು ವರ್ಷ ಬೇಕಾಯಿತು. ಪದದ ಚಿತ್ರ ಬರೆಯುವುದು ಬಿಟ್ಟು, ಆ ಪದ ಒಬ್ಬ ಮನುಷ್ಯನ ಮೈಗೆ ಏನು ಮಾಡುತ್ತದೆ ಎಂದು ಕೇಳಬೇಕು. ಅದು ಗೊತ್ತಾದರೆ ಅಳತೆ ಸಿಗುತ್ತದೆ, ಅಳತೆ ಸಿಕ್ಕರೆ ಆಕಾರ ಬರುತ್ತದೆ. ಇದನ್ನು ಮಾಡುವುದು ಹೇಗೆ ಎಂದು ನನ್ನ ನಾಲ್ಕನೇ ವರ್ಷದ ಒಂದು ಪ್ರಾಜೆಕ್ಟ್ ಹಿಡಿದುಕೊಂಡೇ ಹೇಳುತ್ತೇನೆ.

1. ಪದವನ್ನು ಕನ್ನಡದಲ್ಲಿ ಬಿಚ್ಚಿ

ನಮಗೆ ಕೊಟ್ಟಿದ್ದು 'ವೇಟಿಂಗ್' ಎಂಬ ಇಂಗ್ಲಿಷ್ ಪದ. ಒಂದು ವಾರ ನನಗೆ ಏನೂ ಹೊಳೆಯಲಿಲ್ಲ. ಆಮೇಲೆ ಅದನ್ನು ಕನ್ನಡಕ್ಕೆ ತಂದು 'ಕಾಯುವುದು' ಎಂದು ಬರೆದೆ. ಬಸ್ಸಿಗೆ ಕಾಯುತ್ತೇವೆ. ಹೊಲ ಕಾಯುತ್ತೇವೆ. ಒಲೆಯ ಮೇಲೆ ನೀರು ಕಾಯುತ್ತದೆ. ಒಂದೇ ಪದದಲ್ಲಿ ಎದುರು ನೋಡುವುದು, ಕಾವಲಿರುವುದು, ಬಿಸಿಯಾಗುವುದು, ಮೂರೂ ಇದ್ದವು. ಇಂಗ್ಲಿಷ್ ಪದದಲ್ಲಿ ಸಿಕ್ಕಿದ್ದು ಒಂದು ಬೆಂಚು ಮಾತ್ರ.

ನೀವೂ ಹೀಗೆ ಮಾಡಿ. ಒಂದು ಹಾಳೆ ತೆಗೆದುಕೊಳ್ಳಿ. ಆ ಪದವನ್ನು ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ಹೊಲದಲ್ಲಿ ಜನ ಹೇಗೆ ಆಡುತ್ತಾರೆ ಎಂದು ನೆನೆದು ಹತ್ತು ವಾಕ್ಯ ಬರೆಯಿರಿ. ನಿಘಂಟು ಆಮೇಲೆ ನೋಡಿ. ಪ್ರತಿ ವಾಕ್ಯದಲ್ಲಿ ಏನು ನಡೆಯುತ್ತಿದೆ ಎಂಬುದಕ್ಕೆ ಗೆರೆ ಹಾಕಿ. 'ಬಯಲು' ಪದವನ್ನೇ ನೋಡಿ. ಅದು ತೆರೆದ ನೆಲ. ಗುಟ್ಟು ಬಯಲಾಗುತ್ತದೆ. ರಾತ್ರಿ ಊರ ಮುಂದೆ ಬಯಲಾಟ ನಡೆಯುತ್ತದೆ. ಇಷ್ಟರಲ್ಲೇ ಒಂದು ರಂಗಮಂದಿರಕ್ಕೆ ಬೇಕಾದಷ್ಟು ವಿಷಯ ಇದೆ, ಅಲ್ವಾ? ಯಾವುದು ಮುಚ್ಚಿರಬೇಕು, ಯಾವ ಹೊತ್ತಿಗೆ ತೆರೆಯಬೇಕು, ನೋಡುವವರು ಎಷ್ಟು ಹತ್ತಿರ ಕೂರಬೇಕು ಎಂಬ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ.

2. ಪದ ನಡೆಯುವ ಜಾಗಕ್ಕೆ ಹೋಗಿ ಕೂತುಕೊಳ್ಳಿ

ಸೈಟ್ ವಿಸಿಟ್ ಅಂದರೆ ನಾವು ಮಧ್ಯಾಹ್ನ ಹೋಗಿ, ನಾಲ್ಕು ಫೋಟೊ ತೆಗೆದು, ಚಹಾ ಕುಡಿದು ಬರುತ್ತೇವೆ. ಅದು ಸಾಲದು. ಪದ ಯಾವ ಹೊತ್ತಿನಲ್ಲಿ ನಡೆಯುತ್ತದೋ ಆ ಹೊತ್ತಿಗೇ ಹೋಗಬೇಕು.

ನಾನು ಆರಿಸಿಕೊಂಡದ್ದು ರಾಯಚೂರು ಜಿಲ್ಲೆಯ ಒಂದು ಊರಿನ ಕ್ರಾಸ್. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆಯ ಎಷ್ಟೋ ಕುಟುಂಬಗಳು ಗುಳೆ ಹೋಗುತ್ತವೆ. ಬೆಂಗಳೂರಿನಲ್ಲಿ ಕಟ್ಟಡದ ಕೆಲಸ. ನಾವು ಹಾಳೆಯ ಮೇಲೆ ಎಳೆಯುವ ಗೋಡೆಗಳಿಗೆ ಇಟ್ಟಿಗೆ ಹೊರುವವರು ಇವರೇ. ರಾತ್ರಿ ಬಸ್ಸಿಗಾಗಿ ಅವರು ಸಂಜೆಯಿಂದಲೇ ಬಂದು ಕೂರುತ್ತಾರೆ. ಮೂರು ಸಂಜೆ ನಾನೂ ಅವರ ಜೊತೆ ಕೂತೆ.

ಅಲ್ಲಿ ಒಂದು ಸಿಮೆಂಟಿನ ತಂಗುದಾಣ ಇತ್ತು. ಒಳಗೆ ಯಾರೂ ಕೂತಿರಲಿಲ್ಲ. ಎಲ್ಲರೂ ಅದರ ಪಕ್ಕದ ಬೇವಿನ ಮರದ ಕೆಳಗೆ ನೆಲದ ಮೇಲೆ ಇದ್ದರು. ಗಂಟು, ಪಾತ್ರೆ, ಡಬ್ಬಿ ಎಲ್ಲ ಒಂದು ಕಡೆ. ಅದಕ್ಕೆ ಒರಗಿ ಮಲಗಿದ ಮಕ್ಕಳು. ಸುತ್ತ ದೊಡ್ಡವರು, ಮುಖ ಹೊರಗಡೆಗೆ. ಒಬ್ಬ ಅಜ್ಜಿಯನ್ನು, "ಯವ್ವಾ, ಒಳಗ ಕಟ್ಟಿ ಐತಲ್ಲ, ಅಲ್ಲಿ ಯಾಕ ಕುಂತಿಲ್ಲ?" ಎಂದು ಕೇಳಿದೆ. "ಹಗಲೆಲ್ಲ ಕಾದು ಹಂಚಾಗೈತಿ, ಯಾರು ಕುಂದ್ರತಾರಪ್ಪ ಅದರ ಮ್ಯಾಗ?" ಅಂದಳು. ಸ್ವಲ್ಪ ಹೊತ್ತು ಬಿಟ್ಟು ತಾನೇ ಹೇಳಿದಳು: "ಬಸ್ ಬರೋತನ ಕಣ್ಣು ಮುಚ್ಚಂಗಿಲ್ಲ. ಗಂಟು ಕಾಯಬೇಕು, ಹುಡುಗರ್ನ ಕಾಯಬೇಕು."

ನನ್ನ ಹಾಳೆಯಲ್ಲಿದ್ದ ಮೂರು ಅರ್ಥಗಳೂ ಆ ಎರಡು ಮಾತಿನಲ್ಲಿ ಬಂದುಬಿಟ್ಟವು. ನೀವು ಹೋದಾಗ ಜನರ ಅಭಿಪ್ರಾಯ ಕೇಳುವುದಕ್ಕಿಂತ ಅವರ ಮೈ ಏನು ಮಾಡುತ್ತಿದೆ ಎಂದು ಜಾಸ್ತಿ ನೋಡಿ. ಯಾವ ದಿಕ್ಕಿಗೆ ಮುಖ, ಬೆನ್ನಿಗೆ ಏನು ಆಸರೆ, ಕೈ ಎಲ್ಲಿದೆ, ಗಂಟೆಗೆ ಎಷ್ಟು ಸಲ ಏಳುತ್ತಾರೆ. ಸಣ್ಣ ಸಣ್ಣ ಕಡ್ಡಿ ಮನುಷ್ಯರನ್ನು ಬರೆದು ಪಕ್ಕದಲ್ಲಿ ಸಮಯ ಹಾಕಿ. ಕಾಯುತ್ತಿರುವವರ ಫೋಟೊ ತೆಗೆಯಬೇಡಿ. ಊರು ಬಿಟ್ಟು ಹೊರಟ ಹೊತ್ತಿನಲ್ಲಿ ಯಾರಿಗೂ ಅದು ಹಿತವಲ್ಲ.

3. ನಮ್ಮ ಸೀಮೆಯ ಕಲ್ಲುಗಳಲ್ಲಿ ನಡೆದು ನೋಡಿ

ಕಾನ್ಸೆಪ್ಟ್ ಹುಡುಕಲು ಮೊಬೈಲಿನಲ್ಲಿ ವಿದೇಶದ ಚಿತ್ರಗಳನ್ನು ಸರಿಸುತ್ತಾ ಕೂರುವ ಮೊದಲು, ಒಂದು ಭಾನುವಾರ ಬಸ್ ಹತ್ತಿ. ಕೊಪ್ಪಳ ಜಿಲ್ಲೆಯ ಇಟಗಿಗೆ ಹೋಗಿ. ಅಲ್ಲಿಯ ಮಹಾದೇವ ದೇವಾಲಯ 1112ರದು. ಕಟ್ಟಿಸಿದವನು ಚಾಲುಕ್ಯ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಅದನ್ನು 'ದೇವಾಲಯ ಚಕ್ರವರ್ತಿ' ಎಂದು ಶಾಸನವೇ ಕರೆದಿದೆ. ಕೆತ್ತನೆ ನೋಡಿ ಬೆರಗಾಗುತ್ತೀರಿ, ಆಗಲೇಬೇಕು. ಆದರೆ ಎರಡನೇ ಸುತ್ತಿನಲ್ಲಿ ಕೆತ್ತನೆ ಬಿಟ್ಟು ಬೆಳಕನ್ನು ನೋಡಿ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಕಂಬಗಳ ತೆರೆದ ಮಂಟಪಕ್ಕೆ ಕಾಲಿಟ್ಟರೆ ನೆರಳು. ಅಲ್ಲಿಂದ ಮುಚ್ಚಿದ ಮಂಟಪ, ಬೆಳಕು ಇನ್ನೂ ಕಡಿಮೆ. ನಡುವಿನ ಸಣ್ಣ ಅಂಕಣವಾದ ಅಂತರಾಳ ದಾಟಿ ಗರ್ಭಗುಡಿಯ ಮುಂದೆ ನಿಂತಾಗ ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಹೊತ್ತು ಬೇಕು. ದನಿ ತಾನಾಗಿಯೇ ತಗ್ಗುತ್ತದೆ. ಭಕ್ತಿ ಎಂಬ ಕಣ್ಣಿಗೆ ಕಾಣದ ವಿಷಯವನ್ನು ಆ ಸೂತ್ರಧಾರರು, ಅಂದರೆ ಗುಡಿ ಕಟ್ಟಿದ ಶಿಲ್ಪಿಗಳು, ಬೆಳಕಿನ ಇಳಿಕೆಯಾಗಿ ಕಟ್ಟಿದ್ದಾರೆ. ಎಲ್ಲೆಲ್ಲಿ ನಿಮ್ಮ ಹೆಜ್ಜೆ ನಿಧಾನವಾಯಿತು ಎಂದು ಗುರುತು ಹಾಕಿಕೊಳ್ಳಿ. ಹೆಜ್ಜೆ ಎಣಿಸಿ. ಬಾಗಿಲ ಎತ್ತರವನ್ನು ನಿಮ್ಮ ಭುಜ, ತಲೆಗೆ ಹೋಲಿಸಿ ಬರೆಯಿರಿ.

ಗಂಗಾವತಿ ಹತ್ತಿರದ ಹಿರೇಬೆಣಕಲ್ ಬೆಟ್ಟದಲ್ಲಿ ಬೃಹತ್ ಶಿಲಾಯುಗದ ಕಲ್ಗೋರಿಗಳಿವೆ. ಊರವರು ಮೋರ್ಯರ ಮನೆ ಅನ್ನುತ್ತಾರೆ. ಮೂರು ನಾಲ್ಕು ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿದ್ದಾರೆ. ಕೆಲವಕ್ಕೆ ಒಂದು ಗೋಡೆಯಲ್ಲಿ ದುಂಡನೆಯ ಕಿಂಡಿ. ಅಷ್ಟೇ. ಆ ಕಿಂಡಿಯ ಮುಂದೆ ನಿಂತಾಗ ಒಳಗೆ ಯಾರೋ ಇದ್ದಾರೆ ಅನ್ನಿಸುತ್ತದೆ. ಇಲ್ಲದವರನ್ನು ಇದ್ದಾರೆ ಅನ್ನಿಸಲು ಒಂದು ಕಿಂಡಿ ಸಾಕಾಗಿದೆ. 'ನೆನಪು' ಎಂಬ ಪದ ಸಿಕ್ಕವರು ಅಲ್ಲಿ ಅರ್ಧ ದಿನ ಕಳೆಯಬೇಕು.

'ಭಾರ' ಸಿಕ್ಕವರಿಗೆ ರಾಯಚೂರು ಕೋಟೆ ಇದೆ. 1294ರ ಶಾಸನ ಇರುವ, ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಅಲ್ಲಿಯ ಗೋಡೆಯಲ್ಲಿದೆ. ಅದನ್ನು ಬಂಡಿಯಲ್ಲಿ ಎಳೆದು ತಂದ ಚಿತ್ರವನ್ನೂ ಕೆತ್ತಿದ್ದಾರೆ. 'ಸದ್ದು' ಸಿಕ್ಕವರು ಬಳ್ಳಾರಿ ಹತ್ತಿರದ ಸಂಗನಕಲ್ಲು, ಕುಪ್ಗಲ್ ಗುಡ್ಡಗಳ ಬಗ್ಗೆ ತಿಳಿದುಕೊಳ್ಳಿ. ಬಡಿದರೆ ಗಂಟೆಯಂತೆ ನಾದ ಕೊಡುವ ಬಂಡೆಗಳು, ಅವುಗಳ ಮೇಲೆ ಕುಟ್ಟಿ ಮೂಡಿಸಿದ ಹಳೆಯ ಚಿತ್ರಗಳು ಅಲ್ಲಿವೆ. ದಯವಿಟ್ಟು ನೀವು ಬಡಿದು ನೋಡಬೇಡಿ. ಆ ಚಿತ್ರಗಳು ಸಾವಿರಾರು ವರ್ಷ ಉಳಿದಿವೆ, ಇನ್ನೂ ಉಳಿಯಬೇಕು.

ಮನೆಯನ್ನೂ ಬಿಡಬೇಡಿ. ನಮ್ಮ ಕಡೆಯ ಹಳೆ ಮಾಳಿಗೆ ಮನೆಯಲ್ಲಿ ಮೇಲಿನ ಬೆಳಕಿಂಡಿಯಿಂದ ಬೀಳುವ ಒಂದು ಕೋಲು ಬಿಸಿಲು ಪಡಸಾಲೆಯಲ್ಲಿ ದಿನವಿಡೀ ಸರಿಯುತ್ತದೆ. ಅದು ಯಾವ ಮೂಲೆಗೆ ಬಂತು ಎಂದು ನೋಡಿಯೇ ನಮ್ಮಜ್ಜಿ ಒಲೆ ಹಚ್ಚುತ್ತಿದ್ದಳು. 'ಕಾಲ' ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಎಲ್ಲೂ ಸಿಕ್ಕಿಲ್ಲ.

ಹೊರಗಿನ ಉದಾಹರಣೆಗಳೂ ಬೇಕು, ಆದರೆ ಎರಡನ್ನೇ ಚೆನ್ನಾಗಿ ಓದಿ. ಒಂದು, ವಾಷಿಂಗ್ಟನ್‌ನ ವಿಯೆಟ್ನಾಂ ಯೋಧರ ಸ್ಮಾರಕ. 1981ರಲ್ಲಿ ಇದರ ವಿನ್ಯಾಸ ಸ್ಪರ್ಧೆಗೆ 1,421 ನಮೂನೆಗಳು ಬಂದಿದ್ದವು. ಗೆದ್ದವಳು 21 ವರ್ಷದ ವಿದ್ಯಾರ್ಥಿನಿ ಮಾಯಾ ಲಿನ್. ಅವಳು ಯುದ್ಧದ ಆಕಾರ ಹುಡುಕಲಿಲ್ಲ, ನೆಲವನ್ನು ಕೊಯ್ದಳು. ತುದಿಯಲ್ಲಿ ಒಂದು ಗೇಣಿಗಿಂತಲೂ ಗಿಡ್ಡವಾಗಿ ಶುರುವಾಗುವ ಗೋಡೆ, ನಾವು ಇಳಿಯುತ್ತಾ ಹೋದಂತೆ ನಡುವೆ ಸುಮಾರು 10 ಅಡಿ ಎತ್ತರವಾಗುತ್ತದೆ. ಸತ್ತವರ ಹೆಸರುಗಳು ಸತ್ತ ದಿನದ ಕ್ರಮದಲ್ಲಿವೆ. ನುಣುಪು ಕರಿಕಲ್ಲಿನಲ್ಲಿ ಹೆಸರಿನ ಮೇಲೆ ಓದುವವರ ಮುಖವೇ ಕಾಣುತ್ತದೆ. ಆ ಕರಿಕಲ್ಲು ಹೋದದ್ದು ನಮ್ಮ ಬೆಂಗಳೂರಿನಿಂದ. ಇನ್ನೊಂದು, ಸಾಬರಮತಿ ಆಶ್ರಮದಲ್ಲಿ ಚಾರ್ಲ್ಸ್ ಕೊರಿಯಾ ಕಟ್ಟಿದ, 1963ರಲ್ಲಿ ತೆರೆದ ಗಾಂಧಿ ಸಂಗ್ರಹಾಲಯ. 6 ಮೀಟರ್ ಚೌಕದ ಸಣ್ಣ ಸಣ್ಣ ಅಂಕಣಗಳು, ಇಟ್ಟಿಗೆ ಕಂಬ, ಹೆಂಚು, ಗಾಜಿಲ್ಲದ ಕಿಟಕಿ. ಚರಕದ ಆಕಾರ ಎಲ್ಲೂ ಇಲ್ಲ. ಸರಳತೆ ಅಲ್ಲಿ ಅಳತೆಯಲ್ಲಿದೆ, ವಸ್ತುವಿನಲ್ಲಿದೆ.

4. ಕ್ರಿಯೆಯನ್ನು ಅಳತೆಗೆ ಇಳಿಸಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಹೆಚ್ಚಿನವರು ಇದನ್ನೇ ಹಾರಿಸಿ ನೇರವಾಗಿ ಎಲಿವೇಶನ್‌ಗೆ, ಅಂದರೆ ಕಟ್ಟಡದ ಹೊರಮುಖದ ಚಿತ್ರಕ್ಕೆ, ಹೋಗುತ್ತಾರೆ.

ನಿಮ್ಮ ಪದದಿಂದ ಬಂದ ಒಂದೊಂದು ಕ್ರಿಯೆಗೂ ಒಂದು ವಾಕ್ಯ ಬರೆಯಿರಿ. ಯಾರು, ಎಲ್ಲಿ, ಏನು ಮಾಡುತ್ತಾರೆ, ಆಗ ಮೈಗೆ ಏನು ತಾಕುತ್ತದೆ, ಇವು ಅದರಲ್ಲಿರಬೇಕು. ಅದರ ಮುಂದೆ ಸೆಂಟಿಮೀಟರಿನಲ್ಲಿ ಒಂದು ಸಂಖ್ಯೆ ಹಾಕಿ. ಸಂಖ್ಯೆ ಬರದಿದ್ದರೆ ಆ ವಾಕ್ಯ ಇನ್ನೂ ಮಸುಕಾಗಿದೆ ಎಂದೇ ಅರ್ಥ, ಮತ್ತೆ ಬರೆಯಿರಿ.

ಆ ಕ್ರಾಸಿಗೆ ನಾನು ಮಾಡಲು ಹೊರಟದ್ದು ಒಂದು ಹೊಸ ತಂಗುದಾಣ. ನನ್ನ ಮೊದಲ ವಾಕ್ಯ: "ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಹೆಂಗಸು ಎದ್ದು ನಿಲ್ಲದೆ ಬಸ್ಸಿನ ದೀಪ ನೋಡುತ್ತಾಳೆ." ಹಾಗೆ ಕೂರಲು ಕಟ್ಟೆ 75 ಸೆಂ.ಮೀ. ಅಗಲ ಬೇಕು. ನೆಲದಿಂದ 45 ಸೆಂ.ಮೀ. ಎತ್ತರ. ಹಾಗೆ ಕೂತವರ ಕಣ್ಣು ಕಟ್ಟೆಯಿಂದ ಸುಮಾರು 75 ಸೆಂ.ಮೀ. ಮೇಲಿರುತ್ತದೆ. ಅಲ್ಲಿಗೆ ನೆಲದಿಂದ 120. ಆ ಎತ್ತರದಲ್ಲಿ, ಬಸ್ ಬರುವ ಉತ್ತರ ದಿಕ್ಕಿಗೆ, ಗೋಡೆಯಲ್ಲಿ ಒಂದು ಅಡ್ಡ ಕಿಂಡಿ. ಪುಸ್ತಕದಲ್ಲಿರುವ ಕಿಟಕಿಯ ಅಳತೆಗಳೆಲ್ಲ ಕುರ್ಚಿಯಲ್ಲಿ ಕೂತವರಿಗೆ, ನಿಂತವರಿಗೆ ಮಾಡಿದವು. ನಮ್ಮ ಜನ ಕೂರುವ ರೀತಿಯನ್ನು ನಾವೇ ಅಳೆಯಬೇಕು.

ಎರಡನೇ ವಾಕ್ಯ: "ಗಂಟಿನ ಹತ್ತಿರ ಹೋಗಬೇಕಾದವನು ಮನೆಯವರನ್ನು ದಾಟಿಯೇ ಹೋಗಬೇಕು." ಇದರಿಂದ ಪ್ಲ್ಯಾನ್ ಬಂತು. ಎರಡು ಪಕ್ಕ ಕಟ್ಟೆ, ಹಿಂದೆ ಗೋಡೆ, ರಸ್ತೆಯ ಕಡೆಗೆ ಬಾಯಿ. ಹಿಂಗೋಡೆಗೆ ಗಂಟುಗಳು, ನಡುವೆ ಮಕ್ಕಳು ಮಲಗುವ ತಗ್ಗು. ತಗ್ಗು ಅಂದರೂ ಅದು ರಸ್ತೆಗಿಂತ 15 ಸೆಂ.ಮೀ. ಮೇಲೇ ಇದೆ, ಮಳೆ ನೀರು ನುಗ್ಗಬಾರದಲ್ಲ. ಮರದ ಕೆಳಗೆ ಆ ಕುಟುಂಬ ಕೂತ ರೀತಿಯೇ ಕಟ್ಟಡವಾಯಿತು. ನಾನು ಯಾವ ಆಕಾರವನ್ನೂ ಹುಡುಕಿರಲಿಲ್ಲ.

5. ಬಿಸಿಲಿಗೆ ಪದವನ್ನು ಒಡ್ಡಿ

ಮೂರನೇ ಅರ್ಥ 'ಬಿಸಿಯಾಗುವುದು'. ಇಲ್ಲಿ ನಾನು ತಪ್ಪು ಮಾಡಿದೆ, ಅದನ್ನು ಹೇಳಲೇಬೇಕು. ದಪ್ಪ ಕಲ್ಲಿನ ಗೋಡೆ ತಂಪು ಅಂತ ಎಲ್ಲರೂ ಹೇಳುತ್ತಾರೆ. ಪಶ್ಚಿಮದ ಹಿಂಗೋಡೆಗೆ 45 ಸೆಂ.ಮೀ. ಕಲ್ಲು ಕೊಟ್ಟೆ. ಆದರೆ ಕಲ್ಲು ಬಿಸಿಯನ್ನು ನುಂಗಿ ಎಷ್ಟೋ ಗಂಟೆ ತಡವಾಗಿ ಒಳಗೆ ಬಿಡುತ್ತದೆ. ಹಗಲು ಬಳಸುವ ಶಾಲೆಗೆ ಅದು ವರ. ರಾತ್ರಿ ಬಳಸುವ ತಂಗುದಾಣದಲ್ಲಿ ಮಕ್ಕಳ ತಲೆಯ ಹತ್ತಿರ ಗೋಡೆ ಕಾಯುತ್ತಾ ನಿಲ್ಲುತ್ತದೆ. ಅಜ್ಜಿ ಹೇಳಿದ್ದು ಇದನ್ನೇ, ನಾನು ಕೇಳಿಸಿಕೊಂಡಿರಲಿಲ್ಲ. ಕೊನೆಗೆ ಗೋಡೆಯನ್ನು ತೆಳ್ಳಗೆ ಮಾಡಿ, ಅದರಿಂದ 60 ಸೆಂ.ಮೀ. ಆಚೆಗೆ ಕಲ್ಲುಕಂಬಗಳ ಒಂದು ಸಾಲು ನಿಲ್ಲಿಸಿ, ಬಳ್ಳಿ ಹಬ್ಬಿಸಿದೆ. ಬಿಸಿಲು ಗೋಡೆಗೆ ಬೀಳುವ ಮೊದಲೇ ನಿಲ್ಲಬೇಕು, ನಡುವೆ ಗಾಳಿ ಆಡಬೇಕು.

ಸೂರ್ಯನ ಲೆಕ್ಕ ನಮ್ಮ ಸೀಮೆಯವರು ಬಾಯಿಪಾಠ ಮಾಡಿಕೊಳ್ಳಬೇಕು. ರಾಯಚೂರು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮೊದಲ ವಾರ ನಡುಹಗಲಿನ ಸೂರ್ಯ ನಮ್ಮ ನೆತ್ತಿಯ ಮೇಲೇ ಇರುತ್ತಾನೆ, ಆಗಸ್ಟ್ ಎರಡನೇ ವಾರದ ಹೊತ್ತಿಗೆ ಮತ್ತೊಮ್ಮೆ. ಜೂನ್ 21ರಂದು ಸುಮಾರು 7 ಡಿಗ್ರಿ ಉತ್ತರಕ್ಕೆ ವಾಲುತ್ತಾನೆ. ಡಿಸೆಂಬರ್ 21ರಂದು ದಕ್ಷಿಣದಲ್ಲಿ ಸುಮಾರು 50 ಡಿಗ್ರಿ ಎತ್ತರಕ್ಕೆ ಇಳಿಯುತ್ತಾನೆ. ಅಂದು ನಡುಹಗಲು 1 ಮೀಟರ್ ಸಜ್ಜಾ ದಕ್ಷಿಣ ಗೋಡೆಗೆ ಸುಮಾರು 1.2 ಮೀಟರ್ ನೆರಳು ಕೊಡುತ್ತದೆ. ಅದೇ ಸಜ್ಜಾವನ್ನು ಪಶ್ಚಿಮಕ್ಕೆ ಹಾಕಿದರೆ ಏಪ್ರಿಲ್ ಸಂಜೆ ಐದಕ್ಕೆ ಅರ್ಧ ಮೀಟರ್ ನೆರಳೂ ಸಿಗದು. ಅದಕ್ಕೇ ಪಶ್ಚಿಮಕ್ಕೆ ಮರ, ಕಿಂಡಿ ಕಿಂಡಿಯ ಜಾಲಿ ಗೋಡೆ, ಕಂಬದ ಸಾಲು ಇಂಥವೇ ಬೇಕು.

6. ಕೈಯಿಂದ ಮಾಡೆಲ್ ಮಾಡಿ, ಕಂಪ್ಯೂಟರ್ ಆಮೇಲೆ

ಮೊದಲ ಹತ್ತು ಮಾಡೆಲ್‌ಗಳು ಮುಷ್ಟಿಯಷ್ಟಿರಲಿ. ದುಡ್ಡು ಹಾಕಬೇಡಿ. ಚಿಕ್ಕವರಿದ್ದಾಗ ಜೋಳದ ದಂಟಿನ ಬೆಂಡು, ಸಿಪ್ಪೆಯಿಂದ ಬಂಡಿ ಮಾಡುತ್ತಿದ್ದೆವಲ್ಲ, ಅದೇ ಬೆಂಡು ಸಾಕು. ಬ್ಲೇಡಿನಿಂದ ಸಲೀಸಾಗಿ ಕೊಯ್ಯುತ್ತದೆ, ಸಿಪ್ಪೆಯನ್ನು ಚುಚ್ಚಿದರೆ ಕಂಬ ನಿಲ್ಲುತ್ತದೆ, ಅಂಟು ಒಣಗಲು ಕಾಯಬೇಕಿಲ್ಲ. ಕಟ್ಟೆ, ತಗ್ಗು, ಮೆಟ್ಟಿಲು ಮುಂತಾಗಿ ನೆಲಕ್ಕೆ ಸೇರಿದ್ದಕ್ಕೆ ಎರೆಮಣ್ಣು ಒಳ್ಳೆಯದು. ಆದರೆ ಒಣಗಿದಾಗ ಬಿರಿಯುತ್ತದೆ, ಸ್ವಲ್ಪ ಮರಳು ಕಲಸಿ.

ಪ್ರತಿ ಮಾಡೆಲ್‌ನಲ್ಲಿ ಒಂದೇ ಒಂದು ವಿಷಯ ಬದಲಿಸಿ. ಮಾಡಿದ್ದನ್ನು ಮಾಳಿಗೆಗೆ ಒಯ್ದು ಬಿಸಿಲಿನಲ್ಲಿಟ್ಟು, ನೆಲಕ್ಕೆ ಮಲಗಿ, ಒಂದು ಕಣ್ಣು ಮುಚ್ಚಿ ಬಾಗಿಲಿಂದ ಒಳಗೆ ನೋಡಿ. ಮೇಲಿಂದ ನೋಡುವ ಚಟ ನಮ್ಮೆಲ್ಲರಿಗೂ ಇದೆ. ನನ್ನ ಎರಡು ನದಿ ಮುಳುಗಿದ್ದು ಅಲ್ಲೇ.

7. ಸೆಕ್ಷನ್‌ನಲ್ಲಿ ಯೋಚಿಸಿ

ಪ್ಲ್ಯಾನ್ ಹೇಳುವುದು ಯಾವುದರ ಪಕ್ಕ ಯಾವುದು ಎಂದು. ತಲೆ ಬಗ್ಗಿಸಬೇಕೇ, ಬೆಳಕು ಎಲ್ಲಿಂದ ಇಳಿಯುತ್ತದೆ, ಪಾದ ಎಲ್ಲಿದೆ ಎಂಬುದು ಕಾಣುವುದು ಸೆಕ್ಷನ್‌ನಲ್ಲಿ, ಅಂದರೆ ಕಟ್ಟಡವನ್ನು ಮೇಲಿಂದ ಕೆಳಕ್ಕೆ ಕೊಯ್ದು ಒಳಗನ್ನು ತೋರಿಸುವ ಚಿತ್ರದಲ್ಲಿ. 1:20ರಲ್ಲಿ, ಅಂದರೆ ನಿಜದ ಅಳತೆಯ ಇಪ್ಪತ್ತರಲ್ಲೊಂದು ಪಾಲಿನಲ್ಲಿ, ಒಂದನ್ನು ಬರೆಯಿರಿ. ಮೊದಲು ಮನುಷ್ಯರನ್ನು ಬರೆದು, ಅವರ ಸುತ್ತ ಕಟ್ಟಡ ಎಳೆಯಿರಿ. ಮಲಗಿದ ಮಗು, ಕೂತ ಅಜ್ಜಿ, ಬೀಡಿ ಸೇದಲು ಹೊರಗೆ ನಿಂತ ಗಂಡಸು. ಕೊನೆಗೆ ಅಲಂಕಾರಕ್ಕೆ ಅಂಟಿಸುವ ಕಪ್ಪು ಆಕೃತಿಗಳಿಂದ ಏನೂ ಕಲಿಯಲಾಗದು.

ಆಮೇಲೆ ಶೌಚಾಲಯ, ನೀರಿನ ಟ್ಯಾಂಕು, ಗಾಲಿಕುರ್ಚಿಯ ಇಳಿಜಾರು, ಮಳೆನೀರಿನ ದಾರಿ ಬರುತ್ತವೆ. ಇವು ಬಂದಾಗ ಕಾನ್ಸೆಪ್ಟ್ ಹಾಳಾಯಿತು ಎಂದು ಹಲವರು ಕೊರಗುತ್ತಾರೆ. ಪದವನ್ನು ಅವುಗಳಿಗೂ ಕೇಳಿ. ರಾತ್ರಿ ಶೌಚಾಲಯಕ್ಕೆ ಹೋಗುವ ಹುಡುಗಿಯನ್ನು ತಾಯಿ ಹೇಗೆ ಕಾಯುತ್ತಾಳೆ? ಅದರ ಬಾಗಿಲು ಕಟ್ಟೆಯಿಂದ ಕಾಣಬೇಕು, ರಸ್ತೆಯಿಂದ ಕಾಣಬಾರದು. ನನ್ನ ಪ್ರಾಜೆಕ್ಟಿನಲ್ಲಿ ನನಗೆ ಜಾಸ್ತಿ ಸಮಾಧಾನ ಕೊಟ್ಟ ಮೂಲೆ ಅದೇ.

8. ಜ್ಯೂರಿಗೆ ಮೊದಲು ಒಂದು ಪರೀಕ್ಷೆ

ಶೀಟಿನ ಮೇಲಿರುವ ಕಾನ್ಸೆಪ್ಟ್ ಪದವನ್ನು ಕಾಗದದಿಂದ ಮುಚ್ಚಿ, ಬೇರೆ ವಿಭಾಗದ ಗೆಳೆಯರಿಗೆ ಸೆಕ್ಷನ್ ತೋರಿಸಿ. "ಇಲ್ಲಿ ನೀನಿದ್ದರೆ ಏನು ಮಾಡುತ್ತೀಯ?" ಎಂದಷ್ಟೇ ಕೇಳಿ. ಅವರು ನಿಮ್ಮ ಪದವನ್ನೇ ಹೇಳಬೇಕಿಲ್ಲ. ನಿಮ್ಮ ಕ್ರಿಯೆ ಅವರ ಬಾಯಲ್ಲಿ ಬಂದರೆ ಸಾಕು. ಜ್ಯೂರಿಯಲ್ಲೂ ಪದದ ಅರ್ಥ ವಿವರಿಸುತ್ತಾ ಹೊತ್ತು ಕಳೆಯಬೇಡಿ. ಒಬ್ಬ ಮನುಷ್ಯ ಬರುತ್ತಾನೆ, ಕೂರುತ್ತಾನೆ, ಏಳುತ್ತಾನೆ ಎಂದು ಸೆಕ್ಷನ್ ಮೇಲೆ ಬೆರಳಿಟ್ಟು ನಡೆಸಿ ತೋರಿಸಿ.

9. ಮಾಡೆಲ್ ಹಿಡಿದು ಅದೇ ಜಾಗಕ್ಕೆ ವಾಪಸ್ ಹೋಗಿ

ಕೊನೆಯ ಶೀಟ್ ಮುಗಿಸುವ ಮೊದಲು ನಾನು ಮೌಂಟ್‌ಬೋರ್ಡ್ ಮಾಡೆಲ್ ಹಿಡಿದು ಆ ಕ್ರಾಸಿಗೆ ಹೋದೆ. ಒಳಗೆ ಇಡಲು ಮಣ್ಣಿನ ಸಣ್ಣ ಗೊಂಬೆಗಳನ್ನೂ ಒಯ್ದಿದ್ದೆ. ಬಸ್ಸಿಗೆ ಕಾಯುತ್ತಿದ್ದ ತಾಯಿಯೊಬ್ಬಳು ಬಹಳ ಹೊತ್ತು ನೋಡಿದಳು. ಆಮೇಲೆ ನಡುವೆ ಮಲಗಿಸಿದ್ದ ಮಗುವಿನ ಗೊಂಬೆಯನ್ನು ಎತ್ತಿ ಕಟ್ಟೆಗೆ ತಾಗಿಸಿ ಇಟ್ಟಳು. "ಇಷ್ಟು ದೂರ ಯಾರೂ ಮಲಗಸಂಗಿಲ್ಲಣ್ಣ. ಕೈಗೆ ಸಿಗಂಗಿರಬೇಕು."

ಆ ರಾತ್ರಿ 2.4 ಮೀಟರ್ ಇದ್ದ ತಗ್ಗಿನ ಅಗಲವನ್ನು 1.2 ಮೀಟರಿಗೆ ಇಳಿಸಿದೆ. ಈಗ ಯಾವ ಕಟ್ಟೆಯಿಂದ ಕೈ ಚಾಚಿದರೂ ನಡುವೆ ಮಲಗಿದ ಮಗುವಿಗೆ ತಾಕುತ್ತದೆ.